ಸಕ್ಕರೆ ಅಚ್ಚು ಅಟ್ಟದಿಂದ ಇಳಿಯಲಿ



ನಮ್ಮ ಹಬ್ಬಗಳ ಒಡಲಲ್ಲಿ ಎಷ್ಟೋ ವಿದ್ಯೆಗಳು ಅಡಗಿವೆ. ಹಬ್ಬ ಬಂದಾಗ ಮಾತ್ರ ಹೊರಗೆ ಬಂದು, ಹಬ್ಬ ಮುಗಿದೊಡನೆ ಮರೆಯಾಗುವ ಇಂಥ ವಿದ್ಯೆಗಳನ್ನು ಒಂದು ತಲೆಮಾರು ಕೈಬಿಟ್ಟರೂ ಸಾಕು, ಅವು ಹೇಳಹೆಸರಿಲ್ಲದಂತಾಗುತ್ತವೆ. ಸಕ್ಕರೆಯನ್ನು ಪಾಕ ಮಾಡಿ, ಅಚ್ಚಿಗೆ ಎರೆದು, ಆನೆ, ಕುದುರೆ, ನವಿಲು, ಬಸವ, ತೇರು, ಗೋಪುರಗಳ ರೂಪ ಕೊಡುವ ವಿದ್ಯೆ ಅಂಥವುಗಳಲ್ಲಿ ಒಂದು. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚು. ಅನೇಕ ಮನೆಗಳಲ್ಲಿ ಮರದ ಅಚ್ಚುಗಳು ಅಟ್ಟದ ಮೇಲೆ ಹಳೆಯ ಅರಿವೆಯ ಗಂಟಿನಲ್ಲಿ ಇಂದಿಗೂ ಇವೆ. ಇಲ್ಲದಿರುವುದು ಅವನ್ನು ಬಳಸುವ ಕೈ. ಈ ಸಂಚಿಕೆಯಲ್ಲಿ ಆ ವಿದ್ಯೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ಹೆಸರನ್ನೇ ವಿಚಾರಿಸೋಣ. ಸಂಸ್ಕೃತದ ‘ಶರ್ಕರಾ’ ಎಂಬ ಪದಕ್ಕೆ ಹರಳು, ಕಲ್ಲಿನ ಚೂರು ಎಂಬುದೇ ಮೂಲಾರ್ಥ. ಕಬ್ಬಿನ ರಸವನ್ನು ಕಾಯಿಸಿ ಹರಳಾಗಿಸಿದ ಪದಾರ್ಥಕ್ಕೆ ಆ ಹೆಸರು ಸಂದು, ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದು ಸಕ್ಕರೆಯಾಯಿತು. ಅದೇ ಪದ ಪಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್ ಆಗಿ, ಕಡಲು ದಾಟಿ ಇಂಗ್ಲಿಷಿನ ಶುಗರ್ ಆಯಿತು. ‘ಖಂಡ’ ಎಂಬ ಇನ್ನೊಂದು ಪದ ಅದೇ ಹಾದಿಯಲ್ಲಿ ಸಾಗಿ ಕ್ಯಾಂಡಿಯಾಯಿತು. ಹೆಸರಿನಲ್ಲಿಯೇ ಇರುವ ಈ ಹರಳು ನಮ್ಮ ಇಂದಿನ ವಿಷಯದ ತಿರುಳು. ನೀರಿನಲ್ಲಿ ಕರಗಿದ ಸಕ್ಕರೆ ಮತ್ತೆ ಹರಳಾಗಲು ಹವಣಿಸುತ್ತಲೇ ಇರುತ್ತದೆ. ಆ ಹವಣಿಕೆಯನ್ನು ಅರಿತು, ತಕ್ಕ ಕ್ಷಣದಲ್ಲಿ ಅದನ್ನು ಅಚ್ಚಿನೊಳಗೆ ನಿಲ್ಲಿಸುವುದೇ ಸಕ್ಕರೆ ಆರತಿಯ ವಿದ್ಯೆ.

ಒಲೆಯ ಮುಂದಿನ ಮಾತು ಶಾಸ್ತ್ರಜ್ಞರಿಗೇಕೆ ಎಂದು ಯಾರೂ ಕೇಳಬೇಕಾಗಿಲ್ಲ. ಕೆಳದಿಯ ಬಸವಪ್ಪ ನಾಯಕನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಎಂಬ ಬೃಹತ್ಕೋಶದಲ್ಲಿ ರಾಜನೀತಿ, ಶಿಲ್ಪ, ಸಂಗೀತಗಳ ಸಾಲಿನಲ್ಲಿಯೇ ಪಾಕಶಾಸ್ತ್ರಕ್ಕೂ ಸ್ಥಾನ ದೊರೆತಿದೆ. ಅರಸನಾದವನು ಪಾಕದ ವಿಚಾರವನ್ನು ಬರೆದಿಡಲು ಹಿಂಜರಿಯದಿರುವಾಗ ನಾವು ಹಿಂಜರಿಯಲು ಕಾರಣವಿಲ್ಲ.

ಆರತಿಯ ಹುಣ್ಣಿಮೆ

ಧಾರವಾಡ, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ ಸೀಮೆಗಳಲ್ಲಿ ಬೆಳೆದವರಿಗೆ ಕಾರ್ತಿಕದ ಹುಣ್ಣಿಮೆಯನ್ನು ವಿವರಿಸಬೇಕಾಗಿಲ್ಲ. ದೀಪಾವಳಿ ಕಳೆದು ಎರಡು ವಾರಕ್ಕೆ ಬರುವ ಆ ಸಂಜೆ, ಹೆಣ್ಣುಮಕ್ಕಳು ಸೀರೆಯುಟ್ಟು, ದಂಡೆ ಮುಡಿದು, ತಟ್ಟೆಯಲ್ಲಿ ಸಕ್ಕರೆಯ ಗೊಂಬೆಗಳನ್ನು ಇಟ್ಟು, ನಡುವೆ ದೀಪ ಹಚ್ಚಿಕೊಂಡು ಗೌರಿಯನ್ನು ಕುಳ್ಳಿರಿಸಿದ ಮನೆಗೋ ಗುಡಿಗೋ ಹಾಡುತ್ತಾ ಸಾಗುತ್ತಾರೆ. ಬಿಳಿ, ಹಳದಿ, ಕೆಂಪು ಗೊಂಬೆಗಳ ಮೇಲೆ ದೀಪದ ಬೆಳಕು ಬಿದ್ದಾಗ ಅವು ಒಳಗಿನಿಂದಲೇ ಬೆಳಗುವಂತೆ ಕಾಣುತ್ತವೆ. ಸಕ್ಕರೆಯ ಸಣ್ಣ ಹರಳುಗಳು ಬೆಳಕನ್ನು ತಮ್ಮೊಳಗೆ ಒಂದಿಷ್ಟು ದೂರ ಬಿಟ್ಟುಕೊಂಡು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಹೀಗಾಗುತ್ತದೆ.

ನಿಶ್ಚಯವಾದ ಕನ್ಯೆಗೆ ಗಂಡಿನ ಮನೆಯವರು ಸೀರೆ, ಹೂವು, ದಂಡೆಗಳೊಡನೆ ಸಕ್ಕರೆ ಆರತಿಯನ್ನು ಒಯ್ದು ಕೊಡುವ ಸಂಪ್ರದಾಯವೂ ಉಂಟು. ಮದುವೆಗೆ ಮುನ್ನ ಎರಡು ಮನೆಗಳ ನಡುವೆ ನಡೆಯುವ ಸವಿಯಾದ ಮೊದಲ ಮಾತುಕತೆ ಇದು. ಪೂಜೆ ಮುಗಿದ ಮೇಲೆ ಗೊಂಬೆಗಳನ್ನು ಮುರಿದು ನೆರೆಹೊರೆಗೆ, ಮಕ್ಕಳಿಗೆ ಹಂಚುತ್ತಾರೆ. ಆನೆಯ ಸೊಂಡಿಲು ಯಾರಿಗೆ, ನವಿಲಿನ ಗರಿ ಯಾರಿಗೆ ಎಂಬ ಮಕ್ಕಳ ಜಗಳವೂ ಹಬ್ಬದ ಭಾಗವೇ. ಮುರಿದು ಹಂಚುವುದಕ್ಕೆಂದೇ ಇಷ್ಟು ಶ್ರಮದಿಂದ ರೂಪಗೊಳ್ಳುವ ವಸ್ತುಗಳು ಲೋಕದಲ್ಲಿ ಹೆಚ್ಚಿಲ್ಲ.

ದಕ್ಷಿಣದ ಜಿಲ್ಲೆಗಳಲ್ಲಿ ಇದೇ ಅಚ್ಚು ಸಂಕ್ರಾಂತಿಗೆ ಬರುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳ ಮಿಶ್ರಣದೊಡನೆ ಕಬ್ಬಿನ ತುಂಡು, ಒಂದೆರಡು ಸಕ್ಕರೆ ಅಚ್ಚು ಇಟ್ಟು ಹೆಣ್ಣುಮಕ್ಕಳು ಮನೆಮನೆಗೆ ಎಳ್ಳು ಬೀರುತ್ತಾರೆ. ಉತ್ತರದವರ ಸಂಕ್ರಾಂತಿಗೆ ಅಚ್ಚಿಗಿಂತ ಕುಸುರೆಳ್ಳು ಮುಖ್ಯ. ಅದು ಅಚ್ಚಿಲ್ಲದ ಸಕ್ಕರೆ ಶಿಲ್ಪ. ಹದವಾದ ಕಾವಿನ ಮೇಲೆ ಹರಿವಾಣವಿಟ್ಟು, ಎಳ್ಳು ಹರಡಿ, ಚಮಚದಿಂದ ತೊಟ್ಟು ತೊಟ್ಟಾಗಿ ಪಾಕ ಹಾಕುತ್ತಾ ಬೆರಳುಗಳಿಂದ ಆಡಿಸುತ್ತಿದ್ದರೆ, ಪ್ರತಿ ಕಾಳಿನ ಮೇಲೂ ಪದರದ ಮೇಲೆ ಪದರ ಕೂತು ಕಡೆಗೆ ಮುಳ್ಳು ಮುಳ್ಳಾಗಿ ಅರಳುತ್ತದೆ. ಕೆಲವೊಮ್ಮೆ ಇದಕ್ಕೆ ದಿನಗಳೇ ಹಿಡಿಯುತ್ತವೆ. ತಾಳ್ಮೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಕುಸುರೆಳ್ಳು ಮಾಡುವ ಅಜ್ಜಿಯ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತರೆ ಸಾಕು.

ಒಂದು ಮಾತನ್ನು ಇಲ್ಲಿ ನೆನೆಯಬೇಕು. ಬಿಳಿಯ ಹರಳು ಸಕ್ಕರೆ ನಮ್ಮ ಹಳ್ಳಿಗಳಿಗೆ ಸುಲಭವಾಗಿ ಎಟುಕಿದ್ದು ಬಹಳ ಹಿಂದೇನಲ್ಲ. 1932ರಲ್ಲಿ ದೇಶೀಯ ಸಕ್ಕರೆ ಉದ್ಯಮಕ್ಕೆ ಕಾನೂನಿನ ರಕ್ಷಣೆ ದೊರೆತ ಮೇಲೆ ಕಾರ್ಖಾನೆಗಳು ಬೆಳೆದವು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆ ಮೇಲೂ ಎಷ್ಟೋ ಕಾಲ ದಿನದ ಬಳಕೆಗೆ ಬೆಲ್ಲವೇ ಗತಿ. ನಮ್ಮ ಬಾಲ್ಯದಲ್ಲಿ ರೇಷನ್ ಕಾರ್ಡಿನ ಸಕ್ಕರೆಯನ್ನು ತಾಯಂದಿರು ತಿಂಗಳುಗಟ್ಟಲೆ ಉಳಿಸಿ, ಡಬ್ಬಿಯ ಬಾಯಿಗೆ ಅರಿವೆ ಕಟ್ಟಿ, ಆರತಿಗೆಂದು ಎತ್ತಿಡುತ್ತಿದ್ದರು. ಆರತಿಯ ಬೆಲೆ ಅದರ ತೂಕದಲ್ಲಿ ಇರಲಿಲ್ಲ; ಉಳಿಸಿದ ಕೈಯಲ್ಲಿ ಇತ್ತು.

ಪಾಕದ ಹದ

ಇನ್ನು ಮಾಡುವ ಬಗೆಯನ್ನು ನೋಡೋಣ. ಬೇಕಾದುದು ಸಕ್ಕರೆ, ನೀರು, ಒಂದೆರಡು ಚಮಚ ಹಾಲು, ಮರದ ಅಚ್ಚು ಇಷ್ಟೇ. ಅಚ್ಚುಗಳನ್ನು ತೇಗದಂಥ ಗಟ್ಟಿ ಮರದಲ್ಲಿ ಎರಡು ಹೋಳಾಗಿ ಕೆತ್ತಿರುತ್ತಾರೆ. ಎರಡೂ ಹೋಳುಗಳನ್ನು ಕೂಡಿಸಿದಾಗ ನಡುವೆ ಗೊಂಬೆಯ ಆಕಾರದ ಪೊಳ್ಳು ಉಳಿಯುತ್ತದೆ. ಒಂದು ಬದಿಯಲ್ಲಿ ಪಾಕ ಎರೆಯಲು ಬಾಯಿ ಇರುತ್ತದೆ. ಕೆಲಸಕ್ಕೆ ಕೂಡುವ ಕೆಲವು ಗಂಟೆ ಮೊದಲು ಅಚ್ಚುಗಳನ್ನು ನೀರಿನಲ್ಲಿ ನೆನೆಯಿಡಬೇಕು. ನೀರುಂಡ ಮರ ಪಾಕವನ್ನು ಹೀರಲಾರದು. ಅದರಿಂದ ಗೊಂಬೆ ಅಂಟಿಕೊಳ್ಳದೆ ಬಿಡಿಸಿಕೊಂಡು ಬರುತ್ತದೆ. ಎರೆಯುವ ಮುನ್ನ ಒಳಗಿನ ನೀರನ್ನು ಅರಿವೆಯಿಂದ ಒತ್ತಿ ತೆಗೆದು, ಹೋಳುಗಳನ್ನು ದಾರದಿಂದಾಗಲಿ ರಬ್ಬರಿನಿಂದಾಗಲಿ ಬಿಗಿಯಾಗಿ ಕಟ್ಟಬೇಕು.

ಒಂದು ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ನೀರು ಸಾಕು. ಕುದಿ ಬಂದೊಡನೆ ಎರಡು ಚಮಚ ಹಾಲು ಹಾಕಬೇಕು. ಬಿಸಿಗೆ ಹಾಲಿನ ಸತ್ತ್ವ ಹೆಪ್ಪುಗಟ್ಟುವಾಗ ಸಕ್ಕರೆಯಲ್ಲಿದ್ದ ಕೊಳೆಯನ್ನು ತನ್ನೊಡನೆ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಆ ನೊರೆಯನ್ನು ತೆಗೆದು, ಪಾಕವನ್ನು ಒದ್ದೆ ಅರಿವೆಯಲ್ಲಿ ಸೋಸಿದರೆ ಕನ್ನಡಿಯಂತೆ ತಿಳಿಯಾಗುತ್ತದೆ. ಬಿಳುಪು ಬರಲೆಂದು ಬೇರೆ ರಾಸಾಯನಿಕವನ್ನು ಹಾಕುವ ಅಭ್ಯಾಸ ಮನೆಗೆ ಬೇಡ, ಹಾಲು ಸಾಕು.

ಇಲ್ಲಿಂದ ಮುಂದಿನದೇ ಸೂಕ್ಷ್ಮ. ಸೋಸಿದ ಪಾಕವನ್ನೆಲ್ಲ ಒಮ್ಮೆಗೇ ಕಾಯಿಸಬಾರದು. ಎರಡು ಮೂರು ಅಚ್ಚಿಗೆ ಆಗುವಷ್ಟನ್ನು ಮಾತ್ರ ಹಿಡಿಕೆಯುಳ್ಳ ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕುದಿಸಬೇಕು. ತಣ್ಣೀರಿಗೆ ಒಂದು ತೊಟ್ಟು ಬಿಟ್ಟರೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗಬೇಕು. ಶಾಖಮಾಪಕ ಇಟ್ಟವರಿಗೆ ಅದು ಸುಮಾರು 115 ಡಿಗ್ರಿ ಸೆಲ್ಸಿಯಸ್. ಆಗ ಪಾತ್ರೆಯನ್ನು ಇಳಿಸಿ ಮರದ ಸೌಟಿನಿಂದ ತಿರುವಬೇಕು. ತಿರುವುತ್ತಿದ್ದಂತೆ ತಿಳಿಯಾಗಿದ್ದ ಪಾಕದೊಳಗೆ ಮಂಜು ಕವಿದಂತಾಗಿ ಬಣ್ಣ ಹಾಲಿನತ್ತ ತಿರುಗುತ್ತದೆ. ಆ ಗಳಿಗೆಯಲ್ಲಿಯೇ ಅಚ್ಚಿಗೆ ಎರೆಯಬೇಕು. ಒಂದು ನಿಮಿಷ ಮೊದಲಾದರೆ ಗೊಂಬೆ ಜಿಗುಟಾಗಿ ಉಳಿಯುತ್ತದೆ. ಒಂದು ನಿಮಿಷ ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲಾಗುತ್ತದೆ. 10-15 ನಿಮಿಷದ ಮೇಲೆ ಕಟ್ಟು ಬಿಚ್ಚಿ, ಅಚ್ಚನ್ನು ಮೆಲ್ಲಗೆ ತಟ್ಟಿ ಹೋಳುಗಳನ್ನು ಬೇರ್ಪಡಿಸಬೇಕು. ಅವಸರ ಮಾಡಿದರೆ ಮೊದಲು ಮುರಿಯುವುದು ಆನೆಯ ಕಿವಿ, ಕುದುರೆಯ ಕಾಲು.

ಇದರ ಹಿಂದಿನ ಕಾರಣವನ್ನು ಮಕ್ಕಳಿಗೆ ಹೇಳಿದರೆ ಶಾಲೆಯ ಪಾಠ ಒಲೆಯ ಮುಂದೆಯೇ ಆಗುತ್ತದೆ. ಸಾಧಾರಣ ತಣ್ಣೀರು 100 ಗ್ರಾಂ ಇದ್ದರೆ ಅದರಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗೀತು. ಕುದಿಯುವ ನೀರಿನಲ್ಲಿಯಾದರೆ ಸುಮಾರು 480 ಗ್ರಾಂ. ಕುದಿಸಿ ನೀರಿಳಿಸಿದ ಪಾಕ ಆರುವಾಗ, ತಾನು ಹೊತ್ತಿರುವ ಸಕ್ಕರೆಯನ್ನು ಹೊರಲಾರದೆ ಹೊರಹಾಕುತ್ತದೆ. ತಿರುವದೆ ಸುಮ್ಮನೆ ಬಿಟ್ಟರೆ ಕೆಲವೇ ದೊಡ್ಡ ಹರಳುಗಳು ಬೆಳೆಯುತ್ತವೆ. ಕಲ್ಲುಸಕ್ಕರೆ ಆಗುವುದು ಹೀಗೆ. ತಿರುವಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಮ್ಮೆಗೇ ಹುಟ್ಟಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗೊಂಬೆ ನಿಲ್ಲುವುದು ಆ ಹೆಣಿಗೆಯ ಬಲದಿಂದ. ನಿಂಬೆರಸ ಹೆಚ್ಚಾದರೆ ಹುಳಿಯು ಸಕ್ಕರೆಯನ್ನು ಒಡೆದು ಬೇರೆರಡು ಸಕ್ಕರೆಗಳಾಗಿಸುತ್ತದೆ. ಅವು ಹರಳುಗಟ್ಟುವಿಕೆಗೆ ಅಡ್ಡ ನಿಲ್ಲುತ್ತವೆ. ಜಿಲೇಬಿಯ ಪಾಕಕ್ಕೆ ಹಿತವಾದ ನಿಂಬೆ ಆರತಿಯ ಪಾಕಕ್ಕೆ ಹಿತವಲ್ಲದಿರುವುದು ಇದಕ್ಕಾಗಿಯೇ.

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ದಾಸೋಹದ ಅಡುಗೆಮನೆಯಲ್ಲಿ ವಯಸ್ಸಾದ ಅಯ್ಯನವರೊಬ್ಬರಿದ್ದರು. ಅವರಿಗೆ ಡಿಗ್ರಿಯ ಲೆಕ್ಕ ತಿಳಿಯದು. ಪಾಕ ಕುದಿಯುವ ಸದ್ದಿನಿಂದಲೇ ಹದ ಹೇಳುತ್ತಿದ್ದರು. ನೀರು ಹೆಚ್ಚಿರುವಾಗ ಗುಳ್ಳೆಗಳು ಚಟಪಟನೆ ಒಡೆಯುತ್ತವೆ, ನೀರಿಳಿದಂತೆ ಗುಳ್ಳೆ ದಪ್ಪವಾಗಿ ಸದ್ದು ಭಾರವಾಗುತ್ತದೆ ಎಂಬುದನ್ನು ನಮಗೆ ತೋರಿಸಿಕೊಟ್ಟವರು ಅವರೇ. ಸಂಸ್ಕೃತದಲ್ಲಿ ‘ಪಾಕ’ ಎಂದರೆ ಬೇಯುವಿಕೆಯೂ ಹೌದು, ಪಕ್ವತೆಯೂ ಹೌದು. ಒಂದೇ ಪದಕ್ಕೆ ಈ ಎರಡು ಅರ್ಥ ಏಕೆ ಕೂಡಿಬಂತೆಂಬುದು ನಮಗೆ ನಿಘಂಟಿನಿಂದ ತಿಳಿದುದಕ್ಕಿಂತ ಆ ಒಲೆಯ ಮುಂದೆ ಚೆನ್ನಾಗಿ ತಿಳಿಯಿತು.

ಗೊಂಬೆಗಳನ್ನು ತೆಗೆದ ಮೇಲೆ ನೆರಳಿನಲ್ಲಿ ಆರಿಸಿ ಒಣ ಡಬ್ಬಿಯಲ್ಲಿಡಬೇಕು. ಕಾರ್ತಿಕದ ಹೊತ್ತಿಗೆ ಬಯಲುಸೀಮೆಯಲ್ಲಿ ಮಳೆ ಹಿಂದೆ ಸರಿದು ಗಾಳಿ ಒಣಗಿರುತ್ತದೆ. ಆದುದರಿಂದ ಹಬ್ಬದ ಕಾಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತೇವದ ಹವೆಯಲ್ಲಿ ಸಕ್ಕರೆ ನೀರು ಹೀರಿ ಬೆವರುತ್ತದೆ. ಮುರಿದ ಗೊಂಬೆಯನ್ನು ಚೆಲ್ಲಬೇಕಾಗಿಲ್ಲ, ಮತ್ತೆ ನೀರು ಹಾಕಿ ಪಾಕಕ್ಕಿಟ್ಟರಾಯಿತು. ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಡದೆ ನೆರಳಿನಲ್ಲಿಯೇ ಒಣಗಿಸಬೇಕು. ಬಿಸಿಲಿಗೆ ಮರ ಸೀಳಿದರೆ ಹೋಳುಗಳು ಮತ್ತೆ ಕೂಡಲಾರವು.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಹಳದಿಗೆ ಚಿಟಿಕೆ ಅರಿಸಿನ ಅಥವಾ ಕೇಸರಿ, ಕೆಂಪಿಗೆ ಬೀಟ್‌ರೂಟ್ ರಸ ಸಾಕು. ಬೀಟ್‌ರೂಟಿನ ಬಣ್ಣ ಹೆಚ್ಚು ಕುದಿದರೆ ಕೆಡುವುದರಿಂದ ಕೊನೆಯಲ್ಲಿ ಹಾಕಬೇಕು. ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಅಂಗಡಿಯ ಬಣ್ಣವೇ ಬೇಕೆಂದರೆ ಆಹಾರಕ್ಕೆಂದು ಮುದ್ರೆಯುಳ್ಳದ್ದನ್ನೇ ಕೊಳ್ಳಬೇಕು. ಆಹಾರಕ್ಕೆ ಒಪ್ಪಿದ ಕೃತಕ ಬಣ್ಣ ಕೂಡ ಒಂದು ಕಿಲೋ ಪದಾರ್ಥಕ್ಕೆ 100 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ನಿಯಮ. ಮಿತಿ ಮೀರಿದವರ ಕಥೆಯೂ ಇದೆ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಬಾಂಬೆ ಮಿಠಾಯಿಯಲ್ಲಿ ಬಳಸುತ್ತಿದ್ದ ರೋಡಮಿನ್-ಬಿ ಎಂಬ ಬಟ್ಟೆಯ ಬಣ್ಣವನ್ನು ನಿಷೇಧಿಸಬೇಕಾಗಿ ಬಂತು. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು.

ಕೇಕಿನ ಮೇಲಿನ ಸಕ್ಕರೆ

ಕೇಕಿನ ಮಾತು ಬಂದುದರಿಂದ ಅದನ್ನೂ ಮುಗಿಸೋಣ. ಇಂದು ನಮ್ಮ ಭಕ್ತರ ಮನೆಗಳಲ್ಲಿಯೂ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಬರುತ್ತದೆ. ಅದರ ಮೇಲೆ ಸಕ್ಕರೆಯ ಹೂವು, ಚಿಟ್ಟೆ, ಗೊಂಬೆಗಳು ಕೂತಿರುತ್ತವೆ. ಇದು ಪರಕೀಯವೆಂದು ಮೂಗು ಮುರಿಯುವುದು ನಮಗೆ ಸರಿಕಾಣದು. ಸಕ್ಕರೆಗೆ ರೂಪ ಕೊಡುವ ಆಸೆ ಒಂದು ನಾಡಿನದಲ್ಲ. ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನಕ್ಕೆ ಮರದ ಅಚ್ಚಿನಲ್ಲಿ ಸಕ್ಕರೆಯ ಬೊಂಬೆ, ಕುದುರೆ ಸವಾರರನ್ನು ಎರೆಯುತ್ತಾರೆ. ಮೆಕ್ಸಿಕೋದಲ್ಲಿ ಗತಿಸಿದ ಹಿರಿಯರನ್ನು ನೆನೆಯುವ ದಿನಕ್ಕೆ ಸಕ್ಕರೆಯ ತಲೆಬುರುಡೆಗಳನ್ನು ಮಾಡಿ ಬಣ್ಣ ಬರೆಯುತ್ತಾರೆ. ಜಪಾನಿನಲ್ಲಿ ಚಹದೊಡನೆ ಕೊಡುವ ಒಣ ಮಿಠಾಯಿಗೆ ಕೆತ್ತಿದ ಮರದ ಅಚ್ಚುಗಳೇ ಬೇಕು. ನಮ್ಮ ಉತ್ತರ ಭಾರತದಲ್ಲಿಯೂ ದೀಪಾವಳಿಗೆ ಸಕ್ಕರೆಯ ಆಟಿಕೆಗಳುಂಟು. ಯುರೋಪಿನವರು ಸಕ್ಕರೆಯ ಹಿಟ್ಟಿಗೆ ಟ್ರ್ಯಾಗಕಾಂತ್ ಎಂಬ ಗಿಡದ ಅಂಟನ್ನು, ಪನ್ನೀರನ್ನು ಬೆರೆಸಿ ನಾದಿ, ತಟ್ಟೆ ಬಟ್ಟಲುಗಳನ್ನೇ ಮಾಡುತ್ತಿದ್ದರು. 1558ರಲ್ಲಿ ಇಂಗ್ಲಿಷಿಗೆ ಬಂದ ಇಟಲಿಯ ಗ್ರಂಥವೊಂದರಲ್ಲಿ ಅದರ ವಿಧಾನವಿದೆ. ಊಟ ಮುಗಿದ ಮೇಲೆ ಅತಿಥಿಗಳು ತಟ್ಟೆಯನ್ನೇ ಮುರಿದು ತಿನ್ನಬಹುದಿತ್ತು. ಇಂದಿನ ಕೇಕಿನ ಹೂವು ಆ ತಟ್ಟೆಯ ವಂಶದ್ದೇ.

ಎರಡಕ್ಕೂ ಇರುವ ಭೇದ ಇಷ್ಟೇ. ನಮ್ಮ ಆರತಿಯಲ್ಲಿ ಸಕ್ಕರೆ ಕರಗಿ, ಹರಳಾಗಿ, ತನ್ನ ಬಲದಿಂದ ತಾನೇ ನಿಲ್ಲುತ್ತದೆ. ಕೇಕಿನ ಸಕ್ಕರೆ ಕಣಕದಲ್ಲಿ ಸಕ್ಕರೆಯ ಹಿಟ್ಟನ್ನು ಬೇರೊಂದು ಅಂಟು ಹಿಡಿದು ನಿಲ್ಲಿಸುತ್ತದೆ. ಆ ಅಂಟು ಯಾವುದು ಎಂದು ಕೇಳುವುದು ಸಸ್ಯಾಹಾರದ ನೇಮವುಳ್ಳ ಮನೆಗಳಿಗೆ ಅಗತ್ಯ. ಅನೇಕ ವಿಧಾನಗಳಲ್ಲಿ ಜೆಲಟಿನ್ ಹಾಕುತ್ತಾರೆ. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು. ಬಿಳಿಯ ಗಟ್ಟಿ ಲೇಪದಲ್ಲಿ ಮೊಟ್ಟೆಯ ಲೋಳೆ ಇರುವುದುಂಟು. ಹೊರದೇಶದಿಂದ ಬರುವ ಕೆಲವು ಕೆಂಪು ಬಣ್ಣಗಳಲ್ಲಿ ಕಾರ್ಮೈನ್ ಎಂಬುದು ಇರುತ್ತದೆ. ಪೊಟ್ಟಣದ ಮೇಲೆ 120 ಎಂಬ ಸಂಖ್ಯೆಯಾಗಿ ಕಾಣುವ ಅದು ಒಂದು ಬಗೆಯ ಹುಳುವನ್ನು ಒಣಗಿಸಿ ತೆಗೆದದ್ದು. ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. 2020ರ ನಿಯಮಗಳಂತೆ ಮಾಂಸಾಹಾರಕ್ಕೆ ಚೌಕದೊಳಗೆ ಕಂದು ತ್ರಿಕೋನ. ಮೊಟ್ಟೆಯೂ ಈ ಎರಡನೆಯ ಗುರುತಿಗೇ ಸೇರುತ್ತದೆ.

ಮನೆಯಲ್ಲಿಯೇ ಮಾಡಬೇಕೆನ್ನುವ ಸೋದರಿಯರಿಗೆ ದಾರಿ ಇದೆ. ನುಣ್ಣಗೆ ಜರಡಿ ಹಿಡಿದ ಸಕ್ಕರೆಯ ಹಿಟ್ಟಿಗೆ ಗ್ಲೂಕೋಸಿನ ಮಂದ ಪಾಕ, ಒಂದಿಷ್ಟು ತುಪ್ಪ ಅಥವಾ ಎಣ್ಣೆ, ನೀರಿನಲ್ಲಿ ನೆನೆದ ಟ್ರ್ಯಾಗಕಾಂತ್ ಅಂಟನ್ನು ಸೇರಿಸಿ ಚಪಾತಿಯ ಕಣಕದಂತೆ ನಾದಬೇಕು. ಗಾಳಿ ತಗುಲಿದರೆ ಬಿರುಕು ಬಿಡುವುದರಿಂದ ಒದ್ದೆ ಅರಿವೆ ಮುಚ್ಚಿಡಬೇಕು. ತೆಳ್ಳಗೆ ಲಟ್ಟಿಸಿ, ಎಸಳುಗಳನ್ನು ಕತ್ತರಿಸಿ, ಅಂಚನ್ನು ಬೆರಳಿನಿಂದ ತೆಳುವಾಗಿ ಒತ್ತಿ, ಬಟ್ಟಲಿನ ಬೆನ್ನ ಮೇಲೆ ಒಂದು ರಾತ್ರಿ ಒಣಗಿಸಿದರೆ ಹೂವು ನಿಲ್ಲುತ್ತದೆ. ಕರ್ಜಿಕಾಯಿಯ ಅಂಚು ಮಡಿಸಬಲ್ಲ ಕೈಗೆ ಇದು ಕಷ್ಟವಲ್ಲ.

ಸಕ್ಕರೆಯ ಗುಣಗಾನ ಮಾಡುತ್ತಾ ಅದರ ದೋಷವನ್ನು ಮರೆಯಬಾರದು. ಹೊರಗಿನಿಂದ ಬೆರೆಸುವ ಸಕ್ಕರೆ ದಿನಕ್ಕೆ 50 ಗ್ರಾಂ ಒಳಗಿರಬೇಕು, 25 ಗ್ರಾಂ ಒಳಗಿದ್ದರೆ ಇನ್ನೂ ಒಳಿತು ಎಂಬುದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿದ ಮಾತಿನ ಸಾರ. ಮಧುಮೇಹ ಮನೆಮನೆಯ ಮಾತಾಗಿರುವಾಗ ಕಿಲೋಗಟ್ಟಲೆ ಗೊಂಬೆಗಳನ್ನು ಮಾಡಿಸುವುದು ವಿವೇಕವಲ್ಲ. ಚಿಕ್ಕ ಅಚ್ಚು, ಐದೇ ಗೊಂಬೆ, ಹೆಚ್ಚು ಮನೆಗೆ ಹಂಚಿಕೆ: ಈ ಲೆಕ್ಕವೇ ಸರಿ.

ಆರತಿ ಯಾರ ಕೈಯದು?

ಕಿಲೋದ ಮಾತು ನಮ್ಮನ್ನು ಇನ್ನೊಂದು ನೋವಿನ ಕಡೆಗೆ ಒಯ್ಯುತ್ತದೆ. ಬೀಗರ ಮನೆಗೆ ಒಯ್ಯುವ ಆರತಿ ಈಗ ಎಷ್ಟೋ ಕಡೆ ಪ್ರತಿಷ್ಠೆಯ ತಕ್ಕಡಿಯಾಗಿದೆ. ಅವರು ಐದು ಕಿಲೋ ತಂದರು, ಇವರು ಹತ್ತು ಕಿಲೋ ತಂದರು ಎಂದು ಓಣಿಯಲ್ಲಿ ಎಣಿಸುತ್ತಾರೆ. ತಂದವರಿಗೆ ಪ್ರತಿಯಾಗಿ ಹೆಣ್ಣಿನ ಮನೆಯವರು ಅದಕ್ಕೆ ಸಮನಾದ ಉಡುಗೊರೆ ಹೊಂದಿಸಬೇಕು. ಸವಿ ಹಂಚಲೆಂದು ಹುಟ್ಟಿದ ಸಂಪ್ರದಾಯ ಸಾಲ ಹಂಚುವಂತಾದರೆ ಅದನ್ನು ಹಬ್ಬವೆನ್ನುವುದು ಹೇಗೆ?

ಧಾರವಾಡ ಸೀಮೆಯ ತಾಯಿಯೊಬ್ಬರು ನಮಗೆ ಹೇಳಿದ ಸಂಗತಿ ಇದು. ಅವರ ಪತಿ ಲಿಂಗೈಕ್ಯರಾಗಿ ಹಲವು ವರ್ಷವಾಗಿತ್ತು. ರೊಟ್ಟಿ ಬಡಿದು ಮಾರಿ ಒಬ್ಬನೇ ಮಗನನ್ನು ಓದಿಸಿದ್ದರು. ಮಗನ ಸಂಬಂಧ ಗೊತ್ತಾಗಿ, ಗೌರಿ ಹುಣ್ಣಿಮೆಗೆ ಆರತಿ ಒಯ್ಯುವ ಕಾಲ ಬಂತು. ಪೇಟೆಯಲ್ಲಿ ಕೇಳಿದ ಬೆಲೆ ಅವರ ಕೈಗೆ ಎಟುಕುವಂತಿರಲಿಲ್ಲ. ಅತ್ತೆಯ ಕಾಲದ ಅಚ್ಚುಗಳನ್ನು ಅಟ್ಟದಿಂದ ಇಳಿಸಿ, ಮೂರು ರಾತ್ರಿ ಕುಳಿತು, ತಾವೇ ಎರೆದರು. ಮೊದಲ ರಾತ್ರಿಯ ಪಾಕ ಕೂಡಲಿಲ್ಲ. ಎರಡನೆಯ ರಾತ್ರಿ ಕುದುರೆಗೆ ಕಾಲು ಬರಲಿಲ್ಲ. ಮೂರನೆಯ ರಾತ್ರಿ ಒಂದು ಆನೆ, ಎರಡು ನವಿಲು, ಒಂದು ತೇರು, ಒಂದು ಬಸವ ಸರಿಯಾಗಿ ಬಂದವು. ಆಗ ನಾದಿನಿ ಬಂದು, ‘ವೈನಿ, ನೀವು ಮಾಡಿದ್ದನ್ನ ಗೌರಿ ಮುಂದ ಹೆಂಗ ಇಡೋದು? ಮುತ್ತೈದೇರ ಕೈಲೆ ಆಗಬೇಕಿತ್ತು’ ಎಂದರಂತೆ. ಆ ತಾಯಿ ಏನೂ ಹೇಳದೆ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿ, ಬೀಗರ ಮನೆಗೆ ಹೋಗಿ, ತಲೆಬಾಗಿಲ ಹೊರಗೇ ನಿಂತರು. ಕನ್ಯೆಯ ಅಜ್ಜಿ ಹೊರಗೆ ಬಂದು ತಟ್ಟೆಯನ್ನು ನೋಡಿದರು. ಯಾರು ಮಾಡಿದ್ದೆಂದು ಕೇಳಿದರು. ತಾನೇ ಎಂದಾಗ, ‘ಹಡೆದವ್ವನ ಕೈಲೆ ಬಂದದ್ದು ಆರತಿ ಅಲ್ಲಂದ್ರ ಮತ್ತ ಯಾವುದು ಆರತಿ? ಒಳಗ ಬಾ ನಮ್ಮವ್ವ, ನೀನ ಬೆಳಗು’ ಎಂದು ಕೈಹಿಡಿದು ಕರೆದೊಯ್ದರಂತೆ. ನಾದಿನಿಯ ಮನಸ್ಸು ಇಂದಿಗೂ ಪೂರ್ತಿ ತಿಳಿಯಾಗಿಲ್ಲವೆಂದು ಆ ತಾಯಿ ನಕ್ಕು ಹೇಳಿದರು.

ಶರಣರು ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಪಂಚಸೂತಕಗಳನ್ನು ಅಲ್ಲಗಳೆದರೆಂದು ನಾವು ವೇದಿಕೆಗಳಲ್ಲಿ ಮೇಲಿಂದ ಮೇಲೆ ಹೇಳುತ್ತೇವೆ. ಹಾಗೆ ಹೇಳುವ ನಮ್ಮ ಮನೆಗಳಲ್ಲಿಯೇ ಪತಿಯನ್ನು ಕಳೆದುಕೊಂಡ ತಾಯಿ ತನ್ನ ಮಗನ ಆರತಿಯನ್ನು ಮುಟ್ಟಬಾರದೆನ್ನುವುದು ಯಾವ ಧರ್ಮ? ಆ ಅಜ್ಜಿ ಯಾವ ಶಾಸ್ತ್ರವನ್ನೂ ಓದಿದವರಲ್ಲ. ಆದರೂ ತಲೆಬಾಗಿಲಲ್ಲಿ ನಿಂತು ಅವರು ಕೊಟ್ಟ ತೀರ್ಪಿಗೆ ನಾವು ಸೇರಿಸಬೇಕಾದ ಭಾಷ್ಯ ಒಂದೂ ಇಲ್ಲ. ಆ ಆರತಿಯನ್ನು ಅಂಗಡಿಯಿಂದ ಕೊಂಡು ತಂದಿದ್ದರೆ ಯಾರು ಮಾಡಿದ್ದೆಂದು ಅವರು ಕೇಳುತ್ತಲೇ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಕೊಂಡ ಗೊಂಬೆಗೆ ತೂಕವುಂಟು, ಬೆಲೆಯುಂಟು; ಮಾಡಿದ ಗೊಂಬೆಗೆ ಮಾಡಿದವರುಂಟು.

ಅಂಗಡಿಯಲ್ಲಿ ಆರತಿ ಮಾಡಿ ಮಾರುವವರ ಕಾಯಕವನ್ನು ನಾವು ಹಳಿಯುತ್ತಿಲ್ಲ. ವರ್ಷಕ್ಕೆ ಕೆಲವೇ ವಾರ ನಡೆಯುವ ಆ ದುಡಿಮೆಯಿಂದ ಬದುಕುವ ಕುಟುಂಬಗಳಿವೆ. ಮರದ ಅಚ್ಚನ್ನು ಕೆತ್ತುವ ಬಡಿಗರೂ ಅವರನ್ನೇ ನಂಬಿದ್ದಾರೆ. ಅವರಿಂದ ಕೊಳ್ಳೋಣ, ಆದರೆ ತೂಕದ ಪೈಪೋಟಿಗೆ ಕೊಳ್ಳುವುದು ಬೇಡ. ಸಾಧ್ಯವಾದರೆ ಅವರಿಂದ ಕಲಿಯೋಣ. ಅಚ್ಚಿಲ್ಲದವರು ಒಂದು ಹೊಸ ಅಚ್ಚನ್ನು ಕೆತ್ತಿಸಿಕೊಂಡರೆ ಅದು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ.

ಬರುವ ಹಬ್ಬಕ್ಕೆ ಹದಿನೈದು ದಿನ ಇರುವಾಗ ಅಟ್ಟ ಹತ್ತಿ ಆ ಗಂಟನ್ನು ಬಿಚ್ಚಿರಿ. ಹುಳು ಹಿಡಿದ ಅಚ್ಚನ್ನು ಬೇರೆಯಿರಿಸಿ, ಉಳಿದುದನ್ನು ಉಜ್ಜಿ ತೊಳೆದು ಒಂದು ರಾತ್ರಿ ನೆನೆಯಿಡಿರಿ. ಅಜ್ಜಿ ಇರುವ ಮನೆಯಾದರೆ ಒಲೆಯ ಹತ್ತಿರ ಅವರಿಗೊಂದು ಮಣೆ ಹಾಕಿ, ಹದ ಹೇಳುವ ಹೊಣೆಯನ್ನು ಅವರಿಗೆ ಕೊಡಿರಿ. ಅಚ್ಚು ಕಟ್ಟುವ ಕೆಲಸ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಇರಲಿ. ಬಿಸಿ ಪಾಕವನ್ನು ಮಾತ್ರ ದೊಡ್ಡವರೇ ಎರೆಯಬೇಕು, ಏಕೆಂದರೆ ಅದು ಕುದಿಯುವ ನೀರಿಗಿಂತ ಬಿಸಿ, ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮೊದಲ ಗೊಂಬೆ ಮುರಿದರೆ ಬೇಸರ ಬೇಡ. ಅದನ್ನು ಮಕ್ಕಳ ಕೈಗೆ ಕೊಟ್ಟು ಎರಡನೆಯದಕ್ಕೆ ಪಾಕವಿಡಿರಿ.